ತಾವು ಎಂಬ ಬೈಗುಳ

ಸಿಟ್ಟು ಬಂದರೆ ಲೋಕದ ಜನಕ್ಕೆ ಕಣ್ಣು ಕೆಂಪಾಗುತ್ತದೆ, ಮೂಗಿನ ಹೊಳ್ಳೆ ಅರಳುತ್ತದೆ, ಕೆಲವರ ಕೈಗೆ ಸಿಕ್ಕಿದ್ದು ಹಾರುತ್ತದೆ. ಕುಕ್ಕರಣ್ಣನಿಗೆ ಬಹುವಚನ ಬರುತ್ತಿತ್ತು.

ಇದು ಸಣ್ಣ ವಿಷಯವೆಂದು ಯಾರೂ ತಿಳಿಯಬಾರದು. ಶತ್ರುಸೈನ್ಯ ಬಂದರೆ ಕೋಟೆಯ ಮೇಲೆ ಕಹಳೆ ಊದುತ್ತಿದ್ದರಂತೆ; ಅವನ ಕುಕ್ಕರ್ ರಿಪೇರಿ ಅಂಗಡಿಯಿದ್ದ ಬೀದಿಯಲ್ಲಿ ಅವನ ಸರ್ವನಾಮ ಒಂದು ಮೆಟ್ಟಿಲು ಏರಿದರೆ ಸಾಕಿತ್ತು, ಪಕ್ಕದ ಬೀಗದಕೈ ಮಾಡುವವನು ಅರ್ಧ ಬಾಗಿಲು ಎಳೆದುಕೊಳ್ಳುತ್ತಿದ್ದ. ಮನಸ್ಸು ನೆಟ್ಟಗಿದ್ದಾಗ ಗುರುತಿದ್ದವರೆಲ್ಲ ಅವನಿಗೆ 'ನೀನು'. "ಏನಕ್ಕಾ, ಮತ್ತೆ ಸೀಯಿಸಿಕೊಂಡು ಬಂದ್ಯಾ?" ಎಂದರೆ ಆ ದಿನ ಸುಭಿಕ್ಷ. ಕೊಂಚ ಬಿಸಿಯಾದರೆ 'ನೀವು'. ಉಕ್ಕಿ ಮೇಲೆ ಬಂದರೆ 'ತಾವು'. ಒಮ್ಮೆ ನೀರಿನ ಪೈಪಿನವರು ಅಂಗಡಿಯ ಮುಂದೆ ಗುಂಡಿ ತೋಡಿ ಎರಡು ವಾರ ಹಾಗೇ ಬಿಟ್ಟಿದ್ದರು. ಮೂರನೇ ವಾರ ಮೇಸ್ತ್ರಿ ಬಂದು ಗುಂಡಿಗಿಳಿದಾಗ ಕುಕ್ಕರಣ್ಣ ಅಂಚಿನಲ್ಲಿ ನಿಂತು, ಕೈ ಜೋಡಿಸಿ, "ತಾವು ಒಳಗೇ ವಿರಾಜಮಾನರಾಗಿರಬೇಕು, ಮಣ್ಣು ನಾನು ಮುಚ್ಚಿಸುತ್ತೇನೆ" ಎಂದ. ಸಂಜೆಯೊಳಗೆ ಗುಂಡಿ ಇರಲಿಲ್ಲ, ಮೇಸ್ತ್ರಿಯೂ ಇರಲಿಲ್ಲ.

ಮನೆಯಲ್ಲಿ "ತಾವು ಒಂದು ಲೋಟ ಚಹಾ ದಯಪಾಲಿಸುವಿರಾ?" ಎಂಬ ಮಾತು ಕೇಳಿಸಿದರೆ ಹೆಂಡತಿ ಮಗಳ ಕೈ ಹಿಡಿದು, "ನಿಮ್ಮಪ್ಪಂಗೆ 'ತಾವು' ಬಂತು, ನಡಿ, ಮಾಳಿಗೆ ಮೇಲೆ ಬಟ್ಟೆ ಒಣಗಿದೆಯಾ ನೋಡೋಣ" ಎನ್ನುತ್ತಿದ್ದಳು. ಒಣಗಲು ಒಂದು ಕರವಸ್ತ್ರವೂ ಇಲ್ಲದ ದಿನ ಕೂಡ ತಾಯಿ ಮಗಳು ಮಾಳಿಗೆಯಲ್ಲಿ ಒಂದು ಗಂಟೆ ಕೂತು ಬಂದದ್ದುಂಟು.

ಇಂಥ ವೀರನನ್ನು ಮೊಬೈಲಿನ ಅಡುಗೆ ಗುಂಪೊಂದಕ್ಕೆ ಎಳೆದು ತಂದವಳು ಅವನ ಬೀಗಿತ್ತಿ. ಮಗಳ ಮದುವೆಯಾಗಿ ಏಳು ತಿಂಗಳಾಗಿತ್ತು. ಮಗಳ ಅತ್ತೆಗೆ ಬೀಗರ ಬಗ್ಗೆ ಹೆಮ್ಮೆ. "ನಮ್ಮ ಬೀಗರು ಕುಕ್ಕರ್ ತಜ್ಞರು" ಎಂದು ಪರಿಚಯಿಸಿ ಸೇರಿಸಿದ್ದಳು. ಬೀಗಿತ್ತಿಗೆ ಅವನು ಮೊದಲ ದಿನದಿಂದಲೂ 'ತಾವು' ಎನ್ನುತ್ತಿದ್ದ. ಹೆಣ್ಣು ಕೊಟ್ಟವನು, ಇನ್ನೇನಂದಾನು? ಆದ್ದರಿಂದ ಭೂಮಿಯ ಮೇಲೆ ಅವನ ಸಿಟ್ಟನ್ನೂ ಮರ್ಯಾದೆಯನ್ನೂ ಬೇರೆ ಮಾಡಲಾಗದ ಒಬ್ಬಳೇ ಹೆಂಗಸು ಅವಳಾಗಿದ್ದಳು. ಅನಾಹುತಕ್ಕೆ ಇಷ್ಟು ಸಾಕಾಯಿತು.

ಗುಂಪಿನ ಹೆಸರು 'ಸವಿಮಾತಿನ ಅಡುಗೆಮನೆ'. ಅದನ್ನು ಆಳುವ ಅಡ್ಮಿನ್ ಮೇಡಂ ಬಾಗಿಲಲ್ಲೇ ನಿಯಮ ತೂಗುಹಾಕಿದ್ದರು: 'ತಪ್ಪು', 'ಬೇಡ', 'ಇಲ್ಲ' ಎಂಬ ಪದಗಳನ್ನು ಬಳಸಕೂಡದು. ಒಪ್ಪಿಗೆಯಾಗದಿದ್ದರೆ ಮೊದಲು ಮೆಚ್ಚಬೇಕು, ಆಮೇಲೆ 'ಇದೂ ಒಂದು ದೃಷ್ಟಿ' ಎನ್ನಬೇಕು, ಕೊನೆಗೆ ಒಂದು ಹೂವಿನ ಚಿತ್ರ ಹಾಕಬೇಕು. ಒಬ್ಬಾಕೆ ಇದ್ದಿಲಾಗಿ ಹೋಗಿದ್ದ ಕೇಕಿನ ಫೋಟೋ ಹಾಕಿದಾಗ ಹತ್ತಾರು ಜನ, "ಬಣ್ಣ ಧೈರ್ಯವಾಗಿ ಬಂದಿದೆ" ಎಂದು ಬರೆದಿದ್ದರು. ಕುಕ್ಕರಣ್ಣ ಗ್ಯಾಸ್ಕೆಟ್ ಕೈಯಲ್ಲಿ ಹಿಡಿದೇ ಅದನ್ನು ಎರಡು ಸಲ ಓದಿದ. ಇವರೆಲ್ಲ ಮನೆಯಲ್ಲೂ ಹೀಗೇ ಮಾತಾಡುತ್ತಾರೋ, ಅಥವಾ ಇಲ್ಲಿಗೆ ಬರುವಾಗ ಮಾತ್ರ ನಾಲಿಗೆಗೆ ಸಕ್ಕರೆ ಸವರಿಕೊಂಡು ಬರುತ್ತಾರೋ ಎಂದು ಅವನಿಗೆ ತಿಳಿಯಲಿಲ್ಲ.

ಗುಂಪಿನ ಕಣ್ಮಣಿ ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ದಿನಕ್ಕೊಂದು ಟಿಪ್ ಹಾಕುತ್ತಿದ್ದುದರಿಂದ ಟಿಪ್ ಮೇಷ್ಟ್ರು ಎಂದೇ ಅವರ ಹೆಸರು. ಒಂದು ಸೋಮವಾರ ಬೆಳಿಗ್ಗೆ ಅವರು ಬರೆದರು: 'ಕುಕ್ಕರಿನ ಮುಚ್ಚಳದಲ್ಲಿರುವ ಸೇಫ್ಟಿ ವಾಲ್ವಿನಿಂದ ಆವಿ ಸೋರುತ್ತಿದೆಯೇ? ಚಿಂತೆ ಬಿಡಿ. ಪೈಪಿನ ಬಿರುಕಿಗೆ ಮೆತ್ತುವ ಗಟ್ಟಿ ಅಂಟನ್ನು ಅದರ ಮೇಲೆ ಮೆತ್ತಿ ಒಂದು ದಿನ ಒಣಗಿಸಿ. ಜೀವಮಾನದಲ್ಲಿ ಇನ್ನು ಸೋರುವುದಿಲ್ಲ.'

ಸೋರುವುದಿಲ್ಲ, ನಿಜ. ಕುಕ್ಕರಿನ ಕೂಗುವ ಕೊಳವೆ ಯಾವತ್ತಾದರೂ ಕಟ್ಟಿಕೊಂಡರೆ ಒಳಗಿನ ಆವಿಗೆ ಹೊರಹೋಗಲು ಇರುವುದು ಆ ವಾಲ್ವ್ ಒಂದೇ. ಅದು ಕರಗಿ ಬಾಯಿ ಬಿಟ್ಟು ಮನೆಯವರನ್ನು ಉಳಿಸುತ್ತದೆ. ಅದನ್ನೂ ಮೆತ್ತಿಬಿಟ್ಟರೆ ಮುಚ್ಚಳವೇ ಏಳುತ್ತದೆ. ಹಾಗೆ ಎದ್ದ ಮುಚ್ಚಳಗಳನ್ನು ಕುಕ್ಕರಣ್ಣ ಇಪ್ಪತ್ತೇಳು ವರ್ಷಗಳಲ್ಲಿ ಮೂರು ಸಲ ನೋಡಿದ್ದ. ಮೂರನೆಯದನ್ನು ತಂದುಕೊಟ್ಟವನು, "ಸರಿ ಮಾಡಬೇಡಣ್ಣ, ಎಲ್ಲಾದರೂ ಇಟ್ಟುಕೋ, ಮನೇಲಿ ನೋಡೋಕಾಗಲ್ಲ" ಎಂದಿದ್ದ.

ಕುಕ್ಕರಣ್ಣ ಕೂಡಲೇ ಬರೆದ: 'ತಪ್ಪು. ಮಾಡಬೇಡಿ. ಸಿಡಿಯುತ್ತೆ.'

ಮೂರು ಪದ, ಮೂರು ಚುಕ್ಕಿ. ನಾಲ್ಕು ನಿಮಿಷದಲ್ಲಿ ಅದು ಅಳಿಸಿಹೋಯಿತು. ಅಡ್ಮಿನ್ ಮೇಡಂ ಪ್ರತ್ಯೇಕವಾಗಿ ಬರೆದರು: 'ನಿಮ್ಮ ಕಾಳಜಿ ಮೆಚ್ಚುವಂಥದ್ದು. ಆದರೆ ಒಂದೇ ಸಾಲಿನಲ್ಲಿ ಎರಡು ನಿಷಿದ್ಧ ಪದಗಳಿವೆ. ಮೇಷ್ಟ್ರು ಹಿರಿಯರು, ಅವರ ಮನಸ್ಸಿಗೆ ನೋವಾಗಿದೆ. ಇದನ್ನೇ ಸೌಜನ್ಯದಿಂದ ಮತ್ತೊಮ್ಮೆ ಬರೆಯುವಿರಾ?'

ಅವನಿಗೆ ಮೈಯೆಲ್ಲ ಉರಿದುಹೋಯಿತು. ಮುಚ್ಚಳ ಮುಖಕ್ಕೆ ಬಡಿದರೆ ಆಗುವುದು ನೋವಲ್ಲವೇ? ಬಾಯಿಂದ 'ಬೇಡ' ಎಂದರೆ ಆಗುವುದು ಮಾತ್ರ ನೋವೇ? ಕೈಯಲ್ಲಿದ್ದ ಇಕ್ಕುಳವನ್ನು ಮೇಜಿನ ಮೇಲೆ ಕುಕ್ಕಿದ. ಬೀಗದಕೈಯವನು ಬಾಗಿಲು ಎಳೆದುಕೊಂಡ. ಸೌಜನ್ಯ ತಾನೇ? ತಗೊಳ್ಳಿ ಎಂದು ಕುಕ್ಕರಣ್ಣ ಎರಡು ಹೆಬ್ಬೆರಳುಗಳಿಂದ ತನ್ನ ಜೀವನದ ಅತ್ಯಂತ ಘೋರ ಬೈಗುಳವನ್ನು ಬರೆದ.

'ಪೂಜ್ಯ ಮೇಷ್ಟ್ರೇ, ಸೇಫ್ಟಿ ವಾಲ್ವಿಗೆ ಅಂಟು ಮೆತ್ತಿಸಿ ತಾವು ಮನುಕುಲಕ್ಕೆ ಮಾಡಿದ ಉಪಕಾರ ದೊಡ್ಡದು. ಇಪ್ಪತ್ತೇಳು ವರ್ಷ ಕುಕ್ಕರ್ ಬಿಚ್ಚಿ ಕಟ್ಟಿದ ಈ ಪಾಮರನಿಗೆ ಹೊಳೆಯದ್ದು ತಮಗೆ ಒಂದೇ ಬೆಳಿಗ್ಗೆಯಲ್ಲಿ ಹೊಳೆಯಿತು. ಎಲ್ಲರೂ ತಪ್ಪದೆ ಹೀಗೆಯೇ ಮಾಡತಕ್ಕದ್ದು. ಮಾಡಿದ ಮೇಲೆ ಮುಚ್ಚಳ ಚಾವಣಿಯಲ್ಲಿ ಎಷ್ಟು ಇಂಚು ಒಳಗೆ ಹೋಯಿತೆಂದು ತಾವೇ ಅಳತೆಪಟ್ಟಿ ಹಿಡಿದು ನೋಡಿ, ಆಸ್ಪತ್ರೆಯಲ್ಲಿರುವವರಿಗೆ ತಿಳಿಸುವ ಕೃಪೆ ಮಾಡಬೇಕು.'

ಕಳಿಸಿ, ನಾಲ್ಕು ಸಲ ಓದಿ, ತೃಪ್ತಿಯಿಂದ ಉಸಿರುಬಿಟ್ಟ. ಇನ್ನು ಆ ಮೇಷ್ಟ್ರು ತಲೆ ಎತ್ತುವಂತಿಲ್ಲ ಎಂದುಕೊಂಡ.

ಆದರೆ ಮೊಬೈಲಿನ ಪರದೆ ಉದ್ದನೆಯ ಮಾತನ್ನು ಪೂರ್ತಿ ತೋರಿಸುವುದಿಲ್ಲ. ಸ್ವಲ್ಪ ತೋರಿಸಿ, ಕೆಳಗೆ 'ಮುಂದೆ ಓದಿ' ಎಂದು ಸಣ್ಣಗೆ ಬರೆದಿರುತ್ತದೆ. ಗುಂಪಿನವರಿಗೆ ಕಂಡದ್ದು 'ಹೀಗೆಯೇ ಮಾಡತಕ್ಕದ್ದು' ಎಂಬಲ್ಲಿಯವರೆಗೆ ಮಾತ್ರ. ಮುಂದೆ ಓದಿದವರು ಯಾರೂ ಇರಲಿಲ್ಲ. ನಲವತ್ತೊಂದು ಜನ ಚಪ್ಪಾಳೆ ಹಾಕಿದರು. ಮೇಷ್ಟ್ರು, 'ತಜ್ಞರ ದೊಡ್ಡ ಮನಸ್ಸು' ಎಂದು ಕೈಮುಗಿದರು. ಅಡ್ಮಿನ್ ಮೇಡಂ, 'ಭಿನ್ನಾಭಿಪ್ರಾಯವನ್ನು ಎಷ್ಟು ಚೆನ್ನಾಗಿ ತಿದ್ದಿಕೊಂಡರು ನೋಡಿ! ಎಲ್ಲರೂ ಕಲಿಯಬೇಕು' ಎಂದು ಆ ಸಂದೇಶವನ್ನು ಗುಂಪಿನ ನೆತ್ತಿಯ ಮೇಲೆ ಅಂಟಿಸಿಟ್ಟರು. ಕುಕ್ಕರಣ್ಣ ಅಷ್ಟು ಹೊತ್ತಿಗೆ ಮೊಬೈಲನ್ನು ಗ್ಯಾಸ್ಕೆಟ್ಟುಗಳ ಡಬ್ಬಿಗೆ ಎಸೆದು ಕೆಲಸಕ್ಕೆ ಕೂತಿದ್ದ. ಆ ಗುಂಪಿನ ಮುಖ ಮತ್ತೆ ನೋಡಬಾರದೆಂದು ಶಪಥ ಮಾಡಿದ್ದ.

ಗುರುವಾರ ಹನ್ನೊಂದು ಗಂಟೆಗೆ ಮಗಳ ಫೋನ್ ಬಂತು. ಪಿಸುಮಾತು.

"ಅಪ್ಪಾ, ವಾಲ್ವಿಗೆ ಅಂಟು ಮೆತ್ತು ಅಂತ ನೀನು ಹೇಳಿದ್ಯಾ?"

"ಯಾವ ಬಾಯಲ್ಲಿ ಹೇಳ್ಲಿ ನಾನು?"

"ಗ್ರೂಪಲ್ಲಿ ಬರೆದಿದ್ದೀಯಂತೆ. ಅತ್ತೆ ಓದಿ ತೋರಿಸಿದ್ರು. ನಾನು, ಅತ್ತೆ ಇದು ಹೊಗಳಿಕೆ ಅಲ್ಲ, ನಮ್ಮಪ್ಪಂಗೆ 'ತಾವು' ಬಂದಿದೆ ಅಂದೆ. 'ನಿಮ್ಮಪ್ಪನಿಗಿಂತ ನಿಂಗೆ ಹೆಚ್ಚು ಗೊತ್ತೇನಮ್ಮ' ಅಂದ್ರು. ನಿನ್ನೆ ಮೆತ್ತಿದ್ರು. ಈಗ ಕಾಳು ಬೇಯೋಕಿಟ್ಟಿದ್ದಾರೆ."

"ಕೂಗ್ತಾ ಇದೆಯಾ?"

"ಅದಕ್ಕೇ ಫೋನ್ ಮಾಡ್ದೆ. ಅರ್ಧ ಗಂಟೆ ಆಯ್ತು, ಒಂದು ಕೂಗೂ ಇಲ್ಲ. ಅತ್ತೆ, ಎಷ್ಟು ಸದ್ದಿಲ್ಲದೆ ಬೇಯ್ತಿದೆ ನೋಡು, ನಿಮ್ಮಪ್ಪನ ಪುಣ್ಯ, ಅಂತ ಖುಷಿಯಾಗಿ ಅಲ್ಲೇ ನಿಂತಿದ್ದಾರೆ."

ಕೊಳವೆ ಕಟ್ಟಿಕೊಂಡಿದೆ. ವಾಲ್ವ್ ಮುಚ್ಚಿಕೊಂಡಿದೆ. ಮಗಳ ಮನೆಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ.

"ನೀನು ಆ ಕಡೆ ಹೋಗ್ಬೇಡ. ಬಾಗಿಲ ಆಚೆಯಿಂದ ಸ್ಪೀಕರ್ ಹಾಕಿ ಹಿಡಿ."

ಸ್ಪೀಕರ್ ಹಾಕಿದ್ದು ಕೇಳಿಸಿತು. ಬಾಯಿ ತೆರೆದ. ಆಗ ಇಪ್ಪತ್ತೇಳು ವರ್ಷಗಳ ಚಾಳಿ ಕೈಕೊಟ್ಟಿತು. ಸಿಟ್ಟು ಎಷ್ಟಿತ್ತೆಂದರೆ ನಾಲಿಗೆ ತಾನಾಗಿಯೇ ಮೇಲಿನ ಮೆಟ್ಟಿಲಿಗೆ ಹಾರಿತು.

"ನಮಸ್ಕಾರ ತಾಯಿ. ತಾವು ದಯಮಾಡಿ ಒಲೆಯನ್ನು ಆರಿಸುವ ಕೃಪೆ ಮಾಡಬೇಕು."

"ಅಯ್ಯೋ ಬೀಗರೇ, ನಮಸ್ಕಾರ!" ಬೀಗಿತ್ತಿಯ ದನಿ ಅರಳಿತು. "ಚೆನ್ನಾಗಿದ್ದೀರಾ? ನಿಮ್ಮ ಟಿಪ್ ಬಹಳ ಉಪಯೋಗ ಆಯ್ತು."

"ತಾವು ಮೊದಲು ಒಲೆ..."

"ಇನ್ನು ಐದೇ ನಿಮಿಷ, ಕಾಳು ಮೆತ್ತಗಾಗ್ಲಿ. ಮನೇಲಿ ಎಲ್ಲ ಆರೋಗ್ಯಾನಾ? ನಿಮ್ಮ ಮನೆಯವರ ಮಂಡಿ ನೋವು ಹೇಗಿದೆ?"

ಹೆಂಡತಿಯ ಮಂಡಿ! ಅತ್ತ ಮುಚ್ಚಳ ಹಾರಲು ಕ್ಷಣ ಎಣಿಸುತ್ತಿದೆ, ಇತ್ತ ಬೀಗಿತ್ತಿ ಮಂಡಿ ವಿಚಾರಿಸುತ್ತಿದ್ದಾಳೆ. 'ದಯಮಾಡಿ', 'ಕೃಪೆ', 'ತಾವು', ಅವನಿಗೆ ಗೊತ್ತಿದ್ದ ಬೈಗುಳಗಳೆಲ್ಲ ಮುಗಿದಿದ್ದವು, ಒಂದೂ ತಾಗಿರಲಿಲ್ಲ. ಮೇಲೆ ಏರಲು ಮೆಟ್ಟಿಲಿರಲಿಲ್ಲ. ಕುಕ್ಕರಣ್ಣ ಕಣ್ಣು ಮುಚ್ಚಿ ಕೆಳಕ್ಕೆ ಧುಮುಕಿದ.

"ಏಯ್! ಆರಿಸೇ ಒಲೆ! ಆರಿಸಿ ಆಚೆ ಓಡೇ!"

ಬೀದಿಯಾಚೆಯ ಫೋಟೋಕಾಪಿ ಅಂಗಡಿಯ ಯಂತ್ರ ಕೂಡ ಒಂದು ಗಳಿಗೆ ನಿಂತಂತಾಯಿತು. ಫೋನಿನಲ್ಲಿ ಟಕ್ ಎಂದು ಗುಂಡಿ ತಿರುಗಿದ ಸದ್ದು, ಚಪ್ಪಲಿಯಿಲ್ಲದ ಕಾಲುಗಳ ಧಡಧಡ, ಬಾಗಿಲು ಬಡಿದುಕೊಂಡದ್ದು. ಮಗಳು, "ಆರಿಸಿದ್ರು ಅಪ್ಪ, ಇಬ್ಬರೂ ಮೆಟ್ಟಿಲ ಹತ್ರ ಇದೀವಿ" ಎಂದಳು. "ಯಾರೂ ಒಳಗೆ ಕಾಲಿಡ್ಬೇಡಿ, ಬರ್ತಾ ಇದೀನಿ" ಎಂದು ಅಂಗಡಿಯನ್ನು ತೆರೆದೇ ಬಿಟ್ಟು ಬಸ್ಸಿಗೆ ಓಡಿದ.

ಅವನು ತಲುಪುವ ಹೊತ್ತಿಗೆ ಕುಕ್ಕರ್ ತಣ್ಣಗಾಗಿತ್ತು. ಬಿಚ್ಚಿ ನೋಡಿದ. ಕೊಳವೆಯಲ್ಲಿ ಒಂದು ಕಾಳಿನ ಸಿಪ್ಪೆ ಬಿರಡೆಯ ಹಾಗೆ ಕೂತಿತ್ತು. ವಾಲ್ವಿನ ಮೇಲೆ ಅಂಟು ಕಲ್ಲಾಗಿತ್ತು. ಮುಚ್ಚಳದ ಅಂಚು ಆಗಲೇ ಒಂದು ಕಡೆ ಹೊರಕ್ಕೆ ಉಬ್ಬಿತ್ತು. ಉಬ್ಬಿದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದ. ಮೇಷ್ಟ್ರ ಮೇಲಿನ ಸಿಟ್ಟಿನ ಜೊತೆಗೆ ಇನ್ನೊಂದು ಸೇರಿಕೊಂಡಿತು: ಎಲ್ಲರೂ ತಪ್ಪದೆ ಮಾಡತಕ್ಕದ್ದು ಎಂದು ಬರೆದ ಹೆಬ್ಬೆರಳು ಯಾರದು? ನಾಲ್ಕು ಸಲ ಓದಿ ಸುಖಪಟ್ಟವನು ಯಾರು?

ಬೀಗಿತ್ತಿ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು.

"ನೋಡಿ," ಎಂದು ಸಿಪ್ಪೆ ತೋರಿಸಿದ.

"ನೋಡಿದೆ." ಅವಳು ತಿರುಗಲಿಲ್ಲ. "ಅದೆಲ್ಲ ಸರಿ ಬೀಗರೇ. ಆದ್ರೆ 'ಏಯ್' ಅಂದ್ರಲ್ಲ. ನಮ್ಮ ಯಜಮಾನರು ಇದ್ದಷ್ಟು ದಿನ ಒಂದು ಸಲಾನೂ ಹಾಗಂದಿಲ್ಲ. ಇದನ್ನ ಕೇಳೋಕೆ ನಿಮ್ಮ ಮನೆ ಹೆಣ್ಣು ತಂದ್ನಾ?"

ಅಳಿಯ ಕೆಲಸದಿಂದ ಓಡಿ ಬಂದಿದ್ದ. ಒಳ್ಳೆಯ ಹುಡುಗ, ಎಲ್ಲಿ ಜಗಳವಾದರೂ ನಡುವೆ ಕುರ್ಚಿ ಹಾಕಿಕೊಂಡು ಕೂರುವ ಜಾತಿ. "ಮಾವ, ಜೊತೆಗೊಂದು 'ದಯವಿಟ್ಟು' ಸೇರಿಸಿದ್ರೆ ಅಮ್ಮಂಗೆ ಇಷ್ಟು ಬೇಜಾರಾಗ್ತಿರ್ಲಿಲ್ಲ" ಎಂದ.

"ಸೇರಿಸಿದ್ದೆ ಕಣಪ್ಪ. ಅದು ಮುಗಿಯೋ ಹೊತ್ತಿಗೆ ಮಂಡಿ ನೋವಿಗೆ ಬಂದಿತ್ತು ಮಾತು."

ಸಂಜೆ ನಾಲ್ಕಕ್ಕೆ ಗುಂಪಿನಲ್ಲಿ ಬೀಗಿತ್ತಿಯ ಸಂದೇಶ ಬಂತು: 'ಇಂದು ಒಬ್ಬ ತಜ್ಞರಿಂದ ಏಯ್ ಎನ್ನಿಸಿಕೊಂಡೆ. ಯಾರೆಂದು ಹೇಳುವುದಿಲ್ಲ. ನಮ್ಮ ಬೀಗರು.'

ಗುಂಪು ಕಂಬನಿ ಮಿಡಿಯಿತು. ಒಡೆದ ಹೃದಯಗಳ ಚಿತ್ರಗಳು ಸಾಲುಗಟ್ಟಿದವು. ಟಿಪ್ ಮೇಷ್ಟ್ರು, 'ವಿಷಯದಲ್ಲಿ ಭೇದವಿರಬಹುದು, ಸ್ವರದಲ್ಲಿ ಇರಬಾರದು' ಎಂದು ಬರೆದು ಗುಲಾಬಿ ಹಾಕಿದರು. ಅಡ್ಮಿನ್ ಮೇಡಂ ಕ್ಷಮಾಪಣೆಯ ನಮೂನೆಯನ್ನೇ ತಯಾರಿಸಿ ಕಳಿಸಿದರು: 'ನನ್ನ ಮಾತಿನಿಂದ ಯಾರಿಗಾದರೂ ನೋವಾಗಿದ್ದರೆ...' ಎಂದು ಶುರುವಾಗುವಂಥದ್ದು.

ಕುಕ್ಕರಣ್ಣ ಸಿಪ್ಪೆ, ಅಂಟು, ಉಬ್ಬಿದ ಮುಚ್ಚಳ ಮೂರರ ಫೋಟೋ ಹಾಕಿ, 'ವಾಲ್ವ್ ಮೆತ್ತಿದವರು ಎಷ್ಟು ಜನ? ಕೈ ಎತ್ತಿ' ಎಂದು ಬರೆದ. ಯಾರೂ ಕೈ ಎತ್ತಲಿಲ್ಲ. ಒಬ್ಬಾಕೆ, 'ಫೋಟೋ ನೋಡಿ ಮನಸ್ಸು ಕದಡಿತು, ಇಂಥವನ್ನು ಹಾಕಬಾರದೆಂದು ವಿನಂತಿ' ಎಂದಳು. ಅದಕ್ಕೆ ಹದಿನೆಂಟು ಚಪ್ಪಾಳೆ. ಫೋಟೋ ಅಳಿಸಿಹೋಯಿತು.

ಅವನು ಮನೆಗೆ ಬಂದವನೇ ಚಾಪೆ ಹಾಸಿ ಕೂತ. "ನಲವತ್ತೊಂದು ಚಪ್ಪಾಳೆ. ಒಂದೊಂದು ಚಪ್ಪಾಳೆಗೆ ಒಂದೊಂದು ಅಡುಗೆಮನೆ. ನಂಬರ್ ಓದೇ."

ಹೆಂಡತಿ ಹಳೆಯ ಕ್ಯಾಲೆಂಡರಿನ ಹಿಂಬದಿಗೆ ನಲವತ್ತೊಂದು ನಂಬರು ಬರೆದುಕೊಂಡು ಒಂದೊಂದಾಗಿ ಓದಿದಳು. ಅವನು ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಒಂದೇ ಮಾತು ಬರೆದ: 'ನಾನು ಹೊಗಳಲಿಲ್ಲ, ಬೈದೆ. ವಾಲ್ವಿಗೆ ಅಂಟು ಮೆತ್ತಿದ್ದೀಯಾ? ಆ ಕುಕ್ಕರ್ ಒಲೆ ಮೇಲೆ ಇಡಬೇಡ. ಮುಚ್ಚಳ ತಗೊಂಡು ಅಂಗಡಿಗೆ ಬಾ.'

"ರೀ, ಇವ್ರು ದೊಡ್ಡ ಡಾಕ್ಟ್ರು. ಇವ್ರಿಗೂ 'ಬಾ' ಅಂತಾನಾ?"

"ಡಾಕ್ಟ್ರ ಮುಖಕ್ಕೆ ಮುಚ್ಚಳ ಮೆತ್ತಗೆ ಬಡಿಯುತ್ತೇನೇ? ಮುಂದಿನ ನಂಬರ್ ಓದು."

"ನಾಳೆ ಬೀದೀಲಿ ಯಾರೂ ಮಾತಾಡಿಸಲ್ಲ ನಮ್ಮನ್ನ."

"ಬಾಯಿ ನೆಟ್ಟಗಿದ್ರೆ ತಾನೇ ಮಾತಾಡ್ಸೋದು? ಅದು ಉಳೀಲಿ ಮೊದ್ಲು."

ಇಪ್ಪತ್ತಾರನೆಯವರಿಗೆ ಬರೆಯುತ್ತಿರುವಾಗ ಅವನನ್ನು ಗುಂಪಿನಿಂದ ತೆಗೆದುಹಾಕಿದ ಸುದ್ದಿ ಬಂತು. 'ಏಕವಚನ ಪ್ರಯೋಗ' ಎಂದು ಕಾರಣ ಕೊಟ್ಟಿದ್ದರು. ಅವನು ಇಪ್ಪತ್ತೇಳನೆಯವರಿಗೆ ಬರೆದ. ನಲವತ್ತೊಂದು ಮುಗಿದ ಮೇಲೆ ಟಿಪ್ ಮೇಷ್ಟ್ರಿಗೂ ಬರೆದ. ಅವರು ಮಾತ್ರ ಕೂಡಲೇ ಉತ್ತರಿಸಿದರು: 'ನಮ್ಮ ಮನೆಯಲ್ಲಿ ಕುಕ್ಕರ್ ಬಳಸುವುದಿಲ್ಲ. ಸಲಹೆ ಇನ್ನೊಂದು ಗುಂಪಿನಿಂದ ಬಂದದ್ದು, ಚೆನ್ನಾಗಿದೆ ಎನಿಸಿ ಹಂಚಿದೆ. ಶುಭವಾಗಲಿ.' ಜೊತೆಗೆ ಗುಲಾಬಿ.

ಕುಕ್ಕರಣ್ಣ ಆ ಗುಲಾಬಿಯನ್ನು ನೋಡಿದ. ಬೈಯಲು ಏಕವಚನವೂ ಬಹುವಚನವೂ ಸಾಲದೆ, ಮೊಬೈಲನ್ನು ಹೆಂಡತಿಯ ಕೈಗೆ ಕೊಟ್ಟು ಬಟ್ಟೆಯೇ ಇಲ್ಲದ ಮಾಳಿಗೆಗೆ ತಾನೇ ಹತ್ತಿಹೋದ.

ಶುಕ್ರವಾರ ಅಂಗಡಿ ತೆರೆಯುವ ಮುಂಚೆಯೇ ಒಬ್ಬಾಕೆ ನಿಂತಿದ್ದಳು, ಕಂಕುಳಲ್ಲಿ ದಿನಪತ್ರಿಕೆ ಸುತ್ತಿದ ದುಂಡನೆಯ ವಸ್ತು. "ನಮ್ಮದಲ್ಲ, ಪಕ್ಕದ ಮನೆಯವರದ್ದು" ಎಂದಳು. ಆಮೇಲೆ ಡಾಕ್ಟರು ಕಾರಿನಿಂದ ಇಳಿಯದೆ ಮುಚ್ಚಳ ಕೊಟ್ಟು ಹೋದರು. ಕೇಕಿನವಳು ಬಂದಳು. ಫೋಟೋ ನೋಡಿ ಮನಸ್ಸು ಕದಡಿಕೊಂಡಾಕೆ ಮುಖಕ್ಕೆ ಸೆರಗು ಅಡ್ಡ ಹಿಡಿದು ಎರಡು ಮುಚ್ಚಳ ತಂದಳು. ಯಾರೂ ಗುಂಪಿನ ಮಾತೆತ್ತಲಿಲ್ಲ, ಯಾರೂ ಇನ್ನೊಬ್ಬರನ್ನು ಗುರುತಿಸಲಿಲ್ಲ. ಶನಿವಾರದ ಹೊತ್ತಿಗೆ ಹತ್ತೊಂಬತ್ತಾದವು. ಹತ್ತೊಂಬತ್ತರ ವಾಲ್ವಿನ ಮೇಲೂ ಒಂದೇ ಬಣ್ಣದ ಅಂಟು. ಅವನು ಒಂದೊಂದನ್ನೂ ಕೆರೆಯುತ್ತ ಒಂದೊಂದು ಮುಖವನ್ನು ನೆನೆಯುತ್ತಿದ್ದ, ಒಂದೊಂದು ಮುಖಕ್ಕೂ ಉರಿದುಕೊಳ್ಳುತ್ತಿದ್ದ, ಹಲ್ಲು ಕಚ್ಚಿ ಮತ್ತೆ ಕೆರೆಯುತ್ತಿದ್ದ.

ಮಗಳು ಫೋನ್ ಮಾಡಿ, "ಅತ್ತೆ ಹೊಸ ಮುಚ್ಚಳ ಹಾಕಿದ ಕುಕ್ಕರಿನ ಕೂಗು ಎಣಿಸ್ತಿದ್ದಾರೆ. ನಿನ್ನ ಹೆಸರು ಹೇಳಲ್ಲ. 'ಆ ಮನುಷ್ಯ' ಅಂತಾರೆ" ಎಂದಳು. ಎಣಿಸಲಿ ಎಂದ.

ಸೋಮವಾರ ಮಧ್ಯಾಹ್ನ ಅಡ್ಮಿನ್ ಮೇಡಂ ಬಂದರು. ಇಸ್ತ್ರಿ ಮಾಡಿದ ಸೀರೆ, ಕೈಯಲ್ಲಿ ಬಟ್ಟೆಯ ಚೀಲ. ಚೀಲವನ್ನು ಬೆನ್ನ ಹಿಂದೆ ಹಿಡಿದುಕೊಂಡೇ ಮಾತು ಶುರುಮಾಡಿದರು.

"ನೋಡಿ, ನಿಮ್ಮ ವಿಷಯ ಸರಿಯಿತ್ತು ಅಂತ ನಾನು ಒಪ್ಪಿಕೊಳ್ತೀನಿ. ಆದರೆ ಧಾಟಿ... ಇರಲಿ. ನಮ್ಮ ಕಮಿಟಿಯವರು ಕೂತು ಚರ್ಚೆ ಮಾಡಿದ್ವಿ. ನಿಮ್ಮನ್ನ ಗೌರವದಿಂದ ಮತ್ತೆ ಗುಂಪಿಗೆ ಸೇರಿಸಿಕೊಳ್ಳಬೇಕು ಅಂತಿದೀವಿ. ಮುಂದಿನ ಭಾನುವಾರ ಒಂದು ಸಂವಾದ ಇಟ್ಟಿದೀವಿ. 'ಆನ್‌ಲೈನ್‌ನಲ್ಲಿ ಅಸಮ್ಮತಿ: ಸೌಜನ್ಯವೋ ನೇರನುಡಿಯೋ' ಅಂತ. ಸೌಜನ್ಯದ ಪರ ಮೇಷ್ಟ್ರು ಮಾತಾಡ್ತಾರೆ. ನೇರನುಡಿಯ ಪರ ನೀವೇ ಮಾತಾಡಬೇಕು. ಬೀಗಿತ್ತಿಗೆ ಹಾಗೆ ಅನ್ನೋಕೆ ಎಂಥ ಧೈರ್ಯ ಬೇಕು ಅಂತ ನಾವೆಲ್ಲ ಯೋಚನೆ ಮಾಡಿದ್ವಿ. ಅದರ ಹಿಂದೆ ಒಂದು ಸಿದ್ಧಾಂತ ಇರಲೇಬೇಕು. ಏನು ನಿಮ್ಮ ಸಿದ್ಧಾಂತ? ಎರಡೇ ಮಾತಲ್ಲಿ ಹೇಳಿ, ಆಹ್ವಾನ ಪತ್ರಿಕೇಲಿ ಹಾಕ್ತೀವಿ."

ಬೀಗದಕೈಯವನು ಕೆಲಸ ನಿಲ್ಲಿಸಿ ಕಿವಿ ಕೊಟ್ಟ. ಕುಕ್ಕರಣ್ಣ ಕೈ ಚಾಚಿದ. ಮೇಡಂ ಚೀಲವನ್ನು ಮುಂದಕ್ಕೆ ತಂದು, ಅದರಿಂದ ಮುಚ್ಚಳ ತೆಗೆದು ಕೊಟ್ಟರು. ಅವನು ಅದನ್ನು ಬೆಳಕಿಗೆ ತಿರುಗಿಸಿ, ಹೆಬ್ಬೆರಳ ಉಗುರಿನಿಂದ ಅಂಟನ್ನು ಒತ್ತಿ ನೋಡಿದ.

"ಗಟ್ಟಿಯಾಗಿ ಹಿಡ್ಕೊಂಡಿದೆ. ಕೆರೆಯೋಕೆ ಹೊತ್ತು ಬೇಕು. ಸಂಜೆ ಸಿಗುತ್ತೆ."